ಕಡಲ ಪಕ್ಕದಲ್ಲಿ ಬಾವಿ ನೀರು: ಆರ್‌ಒ-ಡಿಐ ಫಿಲ್ಟರ್, ಮೂರು ವರ್ಷದ ನಂತರ

ನನ್ನ ಕಡಲುನೀರಿನ ಅಕ್ವೇರಿಯಂ ನೋಡಿ ಮನೆಗೆ ಬಂದವರೆಲ್ಲ ಕೇಳುವುದು ಒಂದೇ: "ಅಲ್ಲ ಮಾರಾಯ್ರೆ, ಸುರತ್ಕಲ್‌ನಲ್ಲಿ ಕೂತು ಉಪ್ಪು ನೀರು ಮಾಡ್ಲಿಕ್ಕೆ ಇಷ್ಟು ಖರ್ಚಾ?" ಮೊದಲ ವರ್ಷ ನಾನೂ ಹಾಗೇ ಅಂದುಕೊಂಡು ಕ್ಯಾನ್ ಹಿಡಿದು ಕಡಲ ನೀರು ತರಲು ತಣ್ಣೀರುಬಾವಿ ಬೀಚಿಗೆ ಹೋಗುತ್ತಿದ್ದೆ. ಫೆಬ್ರವರಿಯಲ್ಲಿ ಏನೂ ತೊಂದರೆ ಇರಲಿಲ್ಲ. ಜುಲೈಯಲ್ಲಿ ತಂದ ನೀರಿನ ಒಂದು ಹನಿ ರಿಫ್ರ್ಯಾಕ್ಟೋಮೀಟರಿಗೆ (ಉಪ್ಪಿನಂಶ ಅಳೆಯುವ ಸಾಧನ) ಬಿಟ್ಟರೆ ಸಾಪೇಕ್ಷ ಸಾಂದ್ರತೆ 1.017. ಬೇಕಾದದ್ದು 1.025. ನೇತ್ರಾವತಿ, ಗುರುಪುರ ಎರಡೂ ಹೊಳೆ ತುಂಬಿ ಅಲ್ಲೇ ಅಳಿವೆಯಲ್ಲಿ ಕಡಲಿಗೆ ಇಳಿಯುವ ಕಾಲ. ತಣ್ಣೀರುಬಾವಿ ಎಂಬ ಹೆಸರೇ ಹೇಳಿತ್ತು, ನನಗೆ ಕೇಳಿಸಿರಲಿಲ್ಲ.

ಹಾಗೆ, ಬಾವಿ ನೀರನ್ನು ಪೂರ್ತಿ ಶುದ್ಧ ಮಾಡಿ ನಾನೇ ಉಪ್ಪು ಬೆರೆಸಲು ತರಿಸಿದ್ದು ಈ ನಾಲ್ಕು ಹಂತದ ಯಂತ್ರ: ಕೆಸರು ತಡೆಯುವ ಸೆಡಿಮೆಂಟ್, ಕ್ಲೋರಿನ್ ಹೀರುವ ಕಾರ್ಬನ್, ಆರ್‌ಒ ಮೆಂಬ್ರೇನ್, ಕೊನೆಗೆ ಡಿಐ ರೆಸಿನ್ (ಉಳಿದ ಲವಣ ಹೀರುವ, ಮುಗಿಯುತ್ತಾ ಬಂದಂತೆ ಬಣ್ಣ ಬದಲಿಸುವ ಮಣಿಗಳು). ಅಡುಗೆಮನೆಯ ಆರ್‌ಒ ಇದಕ್ಕೆ ಆಗುವುದಿಲ್ಲ. ರುಚಿಗೆಂದು ಅದರಲ್ಲಿ ಖನಿಜ ಮತ್ತೆ ಸೇರಿರುತ್ತದೆ. ತಾರಸಿ ಟ್ಯಾಂಕಿನ ಒತ್ತಡಕ್ಕೆ ಮೆಂಬ್ರೇನ್ ತೊಟ್ಟಿಕ್ಕಿತೇ ಹೊರತು ಹರಿಯಲಿಲ್ಲ. ಬೂಸ್ಟರ್ ಪಂಪ್ ಬೇಕೆಂದು ಮಾರಿದವರು ಹೇಳಿರಲಿಲ್ಲ. ಅದಕ್ಕೇ ಐದರಲ್ಲಿ ಒಂದು ಅಂಕ ಕಡಿಮೆ.

ನಿಜವಾದ ತಲೆನೋವು ರೆಸಿನ್. ನಮ್ಮ ಬಾವಿಯ ಟಿಡಿಎಸ್ (ನೀರಿನಲ್ಲಿ ಕರಗಿದ ಲವಣದ ಅಳತೆ) ಬರೀ 68, ಮೆಂಬ್ರೇನ್ ದಾಟಿದ ಮೇಲೆ 2. ಆದರೂ ನೀಲಿ ರೆಸಿನ್ ಆರೇ ವಾರಕ್ಕೆ ತಳದಿಂದ ಕಂದು ಹತ್ತಿತು. ಮೋಸದ ಮಾಲು ಎಂದು ಬೈದುಕೊಂಡೆ. ಪಿಎಚ್ ನೋಡಿದಾಗ ಗೊತ್ತಾಯಿತು: 5.8. ಕೆಂಪುಕಲ್ಲಿನ ಬಾವಿಯ ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ಕರಗಿರುತ್ತದೆ. ಟಿಡಿಎಸ್ ಮೀಟರಿಗೆ ಅದು ಸರಿಯಾಗಿ ಕಾಣುವುದಿಲ್ಲ, ಮೆಂಬ್ರೇನ್ ಅದನ್ನು ತಡೆಯುವುದೂ ಇಲ್ಲ, ನೇರ ಹೋಗಿ ರೆಸಿನ್ ತಿನ್ನುತ್ತದೆ. ಈಗ ಆರ್‌ಒ ನೀರನ್ನು ಡ್ರಮ್ಮಿಗೆ ಹಿಡಿದು, ರಾತ್ರಿಯಿಡೀ ಏರ್‌ಸ್ಟೋನ್ ಹಾಕಿ ಗುಳುಗುಳು ಅನ್ನಿಸಿ, ಬೆಳಿಗ್ಗೆ ಸಣ್ಣ ಪಂಪಿನಲ್ಲಿ ಡಿಐಗೆ ಕೊಡುತ್ತೇನೆ. ಅದೇ ರೆಸಿನ್ ಐದು ತಿಂಗಳು ಬರುತ್ತಿದೆ.

ಮಳೆಗಾಲದಲ್ಲಿ ಸೆಡಿಮೆಂಟ್ ಕ್ಯಾಂಡಲ್ ತಿಂಗಳಿಗೊಮ್ಮೆ ಬದಲು. ಮೇ ತಿಂಗಳಲ್ಲಿ ಬಾವಿಗೆ ಉಪ್ಪು ಬಂದು ಟಿಡಿಎಸ್ 450 ದಾಟುತ್ತದೆ. ಆಗ ತುಂಬೆ ಅಣೆಕಟ್ಟಿನಿಂದ ಬರುವ ಕಾರ್ಪೊರೇಷನ್ ನೀರು. ಅದರ ಕ್ಲೋರಿನ್ ಮೆಂಬ್ರೇನ್ ಸುಡುತ್ತದೆ, ಹಾಗಾಗಿ ಕಾರ್ಬನ್ ಮೊದಲೇ ಹೊಸದಿರಬೇಕು. ಎಸಿಯಿಂದ ಬೀಳುವ ನೀರು ಸಾಕಲ್ಲ ಎಂದು ಸ್ನೇಹಿತರೊಬ್ಬರು ಹೇಳಿದ್ದರು. ತಾಮ್ರದ ಕಾಯಿಲ್ ಮೇಲಿಂದ ಬರುವ ನೀರು ಸಿಗಡಿಗೆ, ಹವಳಕ್ಕೆ ವಿಷ. ನನ್ನದು ಬರೀ ಮೆದು ಹವಳ (ಕಲ್ಲು ಹವಳ ವನ್ಯಜೀವಿ ಕಾಯ್ದೆಯಲ್ಲಿದೆ, ಆಸೆ ಬೇಡ), ಆದರೂ ಹೆದರಿಕೆಯೇ.

ಹೀಗೆ ಬಂದ ಶುದ್ಧ ನೀರಿನ ಇಪ್ಪತ್ತು ಲೀಟರಿಗೆ ಸುಮಾರು 700 ಗ್ರಾಂ ಅಕ್ವೇರಿಯಂ ಉಪ್ಪು ಕದಡುತ್ತೇನೆ. ತೊಟ್ಟಿಯಿಂದ ದಿನಾ ಆರಿಹೋಗುವ ಮೂರು ಲೀಟರಿಗೆ ಮಾತ್ರ ಸಿಹಿನೀರೇ, ಉಪ್ಪು ಆರುವುದಿಲ್ಲವಲ್ಲ.

ಒಂದು ಕೊಡಕ್ಕೆ ಮೂರು ಕೊಡ ವ್ಯರ್ಥವಾಗುತ್ತದೆ. ಅದು ಅಮ್ಮನ ಬಸಳೆಗೆ, ಮಲ್ಲಿಗೆಗೆ. ಬೇಸಗೆ ಕೊನೆಯಲ್ಲಿ ಅವರು ಮೊದಲು ಒಂದು ತೊಟ್ಟು ನಾಲಗೆಗೆ ಇಟ್ಟು ನೋಡುತ್ತಾರೆ. "ಉಪ್ಪುಂಟು, ಬೇಡ" ಅಂದ ದಿನ ನಾನು ಬಾವಿ ಪಂಪ್ ಬಂದ್ ಮಾಡಿ ನಲ್ಲಿ ನೀರಿಗೆ ಪೈಪ್ ತಿರುಗಿಸುತ್ತೇನೆ.