ಗ್ರಾಮ ಸಭೆಯಲ್ಲಿ ಖಾಲಿ ಹಾಳೆಗೆ ಸಹಿ ಹಾಕಬೇಡಿ, ನಾವು ಹಾಕಿ ಕೆಟ್ಟೆವು

ಮೊದಲೇ ಹೇಳಿಬಿಡುತ್ತೇನೆ. ಗ್ರಾಮ ಸಭೆಗೆ ಹೋಗಿ, ತಪ್ಪದೆ ಹೋಗಿ. ಆದರೆ ಬಾಗಿಲಲ್ಲಿ ಸಹಿಗೆ ಅಂತ ಕೊಡುವ ಹಾಳೆಯ ಮೇಲ್ಭಾಗ ಖಾಲಿ ಇದ್ದರೆ ಪೆನ್ನು ಮುಟ್ಟಬೇಡಿ. ಕಳೆದ ಡಿಸೆಂಬರಿನಲ್ಲಿ ನಮ್ಮ ಸಂಘದ ಹದಿಮೂರು ಹೆಂಗಸರು ಅಂಥ ಹಾಳೆಗೆ ಸಹಿ ಹಾಕಿದೆವು. ಉಳಿದ ಹನ್ನೆರಡು ಜನಕ್ಕೆ "ಹಾಕಿ, ಏನಾಗಲ್ಲ" ಅಂದವಳು ನಾನೇ. ಆ ಸಹಿಗಳ ಮೇಲೆಯೇ ನಮ್ಮ ನೀರಿನ ಕೆಲಸ ಮುಗಿದಿದೆ ಅಂತ ದಾಖಲೆ ಆಯಿತು.

ನಾವಿರುವುದು ಸೋಮವಾರಪೇಟೆ ಕಡೆಯ ಒಂದು ಪೈಸಾರಿಯಲ್ಲಿ, ಅಂದರೆ ಸರ್ಕಾರಿ ಜಾಗದಲ್ಲಿ ಮನೆ ಕಟ್ಟಿಕೊಂಡಿರುವ ಕಡೆ. ಪಂಚಾಯಿತಿ ಹೆಸರು ಬರೆಯುವುದಿಲ್ಲ, ದೂರು ಇನ್ನೂ ವಿಚಾರಣೆಯಲ್ಲಿದೆ. 22 ಮನೆಗಳಿವೆ, ಹೆಚ್ಚಿನವರು ತೋಟದ ಕೆಲಸಕ್ಕೆ ಹೋಗುವವರು. ಕೆಳಗಿನ ಬಾವಿಯಿಂದ ಗುಡ್ಡದ ಮೇಲಿನ ತೊಟ್ಟಿಗೆ ನೀರು ಏರಿಸುತ್ತಾರೆ, ಅಲ್ಲಿಂದ ಪೈಪಿನಲ್ಲಿ ಮನೆಗಳಿಗೆ ಬರುತ್ತದೆ. ಮಳೆಗಾಲದಲ್ಲಿ ಗುಡ್ಡದ ಬದಿಯ ಬರೆ ಜರಿದು ಆ ಪೈಪ್ ಎರಡು ಕಡೆ ಒಡೆಯಿತು. ನೀರು ಬಿಡುವ ಅಣ್ಣ ಸೈಕಲ್ ಟ್ಯೂಬ್ ಸುತ್ತಿ ಸುತ್ತಿ ಹೇಗೋ ನಡೆಸುತ್ತಿದ್ದರು. ಕೊಡಗಿನಲ್ಲಿ ಮಳೆ ಸುರಿಯುವುದನ್ನು ನೋಡಿದವರಿಗೆ ಇದು ನಂಬುವ ಮಾತಲ್ಲ, ಆದರೆ ಫೆಬ್ರವರಿ ಬಂತೆಂದರೆ ನಾವು ಕೊಡ ಹಿಡಿದು ತೋಡಿಗೆ, ಅಂದರೆ ಹಳ್ಳಕ್ಕೆ, ಇಳಿಯುವವರೇ.

ಗ್ರಾಮ ಸಭೆ ಇಟ್ಟದ್ದು ಕಾಫಿ ಕೊಯ್ಲಿನ ಸಮಯದಲ್ಲಿ. ಆಗ ಯಾರು ಬರುತ್ತಾರೆ? ಒಂದು ದಿನ ಕೆಲಸ ಬಿಟ್ಟರೆ ಒಂದು ದಿನದ ಕೂಲಿ ಹೋಗುತ್ತದೆ. ಹನ್ನೊಂದು ಗಂಟೆಗೆ ಪಂಚಾಯಿತಿಯಿಂದ ಫೋನ್ ಬಂತು. "ಅಕ್ಕಾ, ಕೋರಂ ಆಗಿಲ್ಲ, ಸಂಘದವರನ್ನೆಲ್ಲ ಕರ್ಕೊಂಡು ಬನ್ನಿ." ಮತದಾರರಲ್ಲಿ ಹತ್ತರಲ್ಲಿ ಒಂದು ಪಾಲು ಅಥವಾ 100 ಜನ, ಎರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಜನ ಸೇರದಿದ್ದರೆ ಗ್ರಾಮ ಸಭೆ ನಡೆಸುವ ಹಾಗಿಲ್ಲ. ಈ ನಿಯಮ ನನಗೆ ಆಗ ಗೊತ್ತಿರಲಿಲ್ಲ. ಗೊತ್ತಿದ್ದಿದ್ದರೆ ನಮ್ಮನ್ನು ಅಷ್ಟು ಪ್ರೀತಿಯಿಂದ ಕರೆದದ್ದು ಯಾಕೆ ಅಂತ ಅಲ್ಲೇ ಅರ್ಥವಾಗುತ್ತಿತ್ತು. ಪೈಪಿನ ವಿಷಯ ಎತ್ತಲು ಒಳ್ಳೆ ಸಮಯ ಅಂದುಕೊಂಡು ಅರ್ಧ ದಿನ ಕೆಲಸ ಬಿಟ್ಟು ಹೋದೆವು.

ಬಾಗಿಲಲ್ಲೇ ಮೇಜು. ಗೆರೆ ಎಳೆದ ಉದ್ದ ಹಾಳೆ, ಮೇಲೆ ನಾಲ್ಕು ಬೆರಳು ಜಾಗ ಬಿಟ್ಟು ಕೆಳಗೆ ಹೆಸರು ಮತ್ತು ಸಹಿ. "ಇದು ಹಾಜರಾತಿ ಅಷ್ಟೇ" ಅಂದರು. ಹಾಕಿದೆವು. ಅಜ್ಜಿಯೊಬ್ಬರು ಹೆಬ್ಬೆಟ್ಟು ಒತ್ತಿದರು. ಒಳಗೆ ಇಲಾಖೆಯವರು ಒಬ್ಬೊಬ್ಬರಾಗಿ ಎದ್ದು ತಮ್ಮ ತಮ್ಮ ಯೋಜನೆ ಹೇಳಿದರು. ನಮ್ಮ ಸರದಿ ಬಂದಾಗ ನಾನು ಪೈಪಿನ ವಿಷಯ ಹೇಳಿದೆ, ಎಲ್ಲಿ ಒಡೆದಿದೆ ಅಂತಲೂ ಹೇಳಿದೆ. ನೋಡಲ್ ಅಧಿಕಾರಿ ಬರೆದುಕೊಂಡರು, "ಇದು ಮೊದಲ ಆದ್ಯತೆ" ಅಂದರು. ಚಪ್ಪಾಳೆ ಬಿತ್ತು. ಉಪ್ಪಿಟ್ಟು, ಟೀ ಆಯಿತು. ಖುಷಿಯಿಂದ ಮನೆಗೆ ಬಂದೆವು. ಸಭೆಯಲ್ಲಿ ಏನಾಯಿತು ಅಂತ ದಾಖಲಿಸುವ ನಡವಳಿ ಬರೆದರಾ, ಏನು ಬರೆದರು, ಯಾರೂ ಕೇಳಲಿಲ್ಲ.

ಮಾರ್ಚಿನಲ್ಲಿ ಪೈಪ್ ಪೂರ್ತಿ ಕೈಕೊಟ್ಟಿತು. ಪಂಚಾಯಿತಿಗೆ ಹೋದೆ. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಫೈಲು ತೆಗೆದು ನೋಡಿ, "ನಿಮ್ಮ ಪೈಪ್ ದುರಸ್ತಿ ಆಗಿದೆಯಲ್ಲ ಅಕ್ಕಾ, ಬಿಲ್ಲೂ ಆಗಿದೆ" ಅಂದರು. ಇಲ್ಲ ಸಾರ್, ಯಾರೂ ಬಂದೇ ಇಲ್ಲ ಅಂದೆ. ಅವರು ಹಾಳೆ ತಿರುಗಿಸಿ ತೋರಿಸಿದರು. ಅದೇ ಗೆರೆ ಎಳೆದ ಹಾಳೆ. ಖಾಲಿ ಇದ್ದ ನಾಲ್ಕು ಬೆರಳು ಜಾಗದಲ್ಲಿ ಈಗ ಒತ್ತೊತ್ತಾಗಿ ಬರೆದಿತ್ತು. ಪೈಸಾರಿಯ ಕುಡಿಯುವ ನೀರಿನ ಪೈಪ್ ದುರಸ್ತಿ ಪೂರ್ಣಗೊಂಡಿದೆ, ಗ್ರಾಮಸ್ಥರು ಪರಿಶೀಲಿಸಿ ಒಪ್ಪಿದ್ದಾರೆ, ಮುಂದಿನ ಸಾಲಿಗೆ ಕಾಂಕ್ರೀಟ್ ರಸ್ತೆಯನ್ನು ಸರ್ವಾನುಮತದಿಂದ ಆರಿಸಿದ್ದಾರೆ ಅಂತ. ಕೆಳಗೆ ನನ್ನ ಸಹಿ. ಅದರ ಕೆಳಗೆ ಅಜ್ಜಿಯ ಹೆಬ್ಬೆಟ್ಟು.

ಆ ರಸ್ತೆ ಹೋಗುವುದು ಮೂರು ಮನೆಗೆ. ಆ ಮೂರು ಮನೆಯವರಿಗೆ ರಸ್ತೆ ಬೇಡ ಅಂತ ನಾನು ಹೇಳುತ್ತಿಲ್ಲ, ಮಳೆಯಲ್ಲಿ ಅವರ ಕಷ್ಟವೂ ಕಷ್ಟವೇ. ಆದರೆ ಆ ದಿನ ಸಭೆಯಲ್ಲಿ ರಸ್ತೆಯ ಮಾತೇ ಬರಲಿಲ್ಲ. ಬರದೇ ಇದ್ದ ಮಾತಿಗೆ ನಾವು ಸರ್ವಾನುಮತ ಕೊಟ್ಟ ಹಾಗಾಯಿತು.

ಒಂದು ಮಾತು ಇಲ್ಲಿ ಹೇಳಲೇಬೇಕು. ಈ ಸಹಿ ಹಾಕುವ ಅಭ್ಯಾಸ ನಮಗೆ ಎಲ್ಲಿಂದ ಬಂತು ಅಂತ ತುಂಬಾ ಯೋಚಿಸಿದ್ದೇನೆ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡ ಕುಸಿದಾಗ ನಾವು ಕೂಡ ಮನೆ ಬಿಟ್ಟು ಪರಿಹಾರ ಕೇಂದ್ರದಲ್ಲಿದ್ದೆವು. ಆಗ ದಿನಕ್ಕೆ ಎರಡು ಮೂರು ಪಟ್ಟಿ ಬರುತ್ತಿತ್ತು. ಹೊದಿಕೆಗೆ ಒಂದು, ಅಕ್ಕಿಗೆ ಒಂದು, ಮನೆಯ ಸರ್ವೆಗೆ ಒಂದು. ಓದಲು ಕೂತರೆ ಪಟ್ಟಿ ಮುಂದೆ ಹೋಗಿಬಿಡುತ್ತದೆ ಎಂಬ ಹೆದರಿಕೆ. ಯಾರು ಹಾಳೆ ಕೊಟ್ಟರೂ ಸಹಿ ಹಾಕಿದೆವು. ಅವರಲ್ಲಿ ನಿಜವಾಗಿ ಸಹಾಯ ಮಾಡಿದವರೇ ಜಾಸ್ತಿ, ಅದನ್ನು ಮರೆಯುವುದಿಲ್ಲ. ಆದರೆ ಹೆಸರು ಪಟ್ಟಿಯಲ್ಲಿದ್ದರೆ ಏನೋ ಸಿಗುತ್ತದೆ, ಕೇಳಿದರೆ ಹೋಗುತ್ತದೆ ಎಂಬ ಭಯ ಆ ಮೇಲೆ ಮನಸ್ಸಿನಲ್ಲಿ ಉಳಿದುಬಿಟ್ಟಿತು.

ಸರಿ, ಮುಂದಿನದು. ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದೆ. ಇಲ್ಲೂ ನಾನು ತಪ್ಪು ಮಾಡಿದೆ, ನೀವು ಮಾಡಬೇಡಿ. ಎರಡು ಪುಟ ಕೋಪ ಬರೆದು "ಯಾಕೆ ಹೀಗೆ ಮಾಡಿದಿರಿ, ಯಾರು ಹೊಣೆ" ಅಂತ ಕೇಳಿದ್ದೆ. ಅರ್ಜಿ ವಾಪಸ್ ಬಂತು. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಅದೂ 150 ಪದದೊಳಗೆ ಇರಬೇಕು. ಇನ್ನೊಂದು ವಿಷಯ, 2005ರ ಈ ಕಾಯ್ದೆಯಲ್ಲಿ ಸಿಗುವುದು ಕಚೇರಿಯಲ್ಲಿರುವ ಕಾಗದ. ನಮ್ಮ "ಯಾಕೆ"ಗೆ ಅವರು ಉತ್ತರ ಬರೆದು ಕೊಡಬೇಕಾಗಿಲ್ಲ. ಹಾಗಾಗಿ ಕಾಗದದ ಹೆಸರು ಹೇಳಿಯೇ ಕೇಳಬೇಕು. ಎರಡನೇ ಸಲ ಆ ಒಂದೇ ಕಾಮಗಾರಿಯ ಬಗ್ಗೆ ಕೇಳಿದೆ. ಗ್ರಾಮ ಸಭೆಯ ನಡವಳಿ, ಕ್ರಿಯಾ ಯೋಜನೆ, ಅಂದಾಜು ಪಟ್ಟಿ, ಇಂಜಿನಿಯರ್ ಬರೆಯುವ ಅಳತೆ ಪುಸ್ತಕ, ಬಿಲ್ಲು, ಕೆಲಸದ ಮೊದಲಿನ ಮತ್ತು ನಂತರದ ಫೋಟೊ, ಇಷ್ಟರ ನಕಲು. ಶುಲ್ಕ 10 ರೂಪಾಯಿ, ಬಿಪಿಎಲ್ ಕಾರ್ಡಿನ ನಕಲು ಇಟ್ಟರೆ ಅದೂ ಇಲ್ಲ. ಕೈಯಲ್ಲಿ ಕೊಟ್ಟರೆ ಸೀಲು ಹಾಕಿದ ಸ್ವೀಕೃತಿ ತೆಗೆದುಕೊಳ್ಳದೆ ಮೆಟ್ಟಿಲು ಇಳಿಯಬೇಡಿ. ಆ ತಾರೀಕಿನಿಂದಲೇ 30 ದಿನ ಎಣಿಸುವುದು.

30 ದಿನ ಕಳೆಯಿತು, ಉತ್ತರ ಇಲ್ಲ. ಈ ಮಧ್ಯೆ ಪರಿಚಯದವರು ಮನೆಗೆ ಬಂದು, "ಅಕ್ಕಾ, ಸುಮ್ನೆ ಯಾಕೆ, ನಿಮ್ಮ ಮನೆ ಹಕ್ಕುಪತ್ರದ ಅರ್ಜಿಯೂ ಅವರ ಹತ್ತಿರವೇ ಇದೆಯಲ್ಲ" ಅಂದರು. ಪೈಸಾರಿಯಲ್ಲಿ ಇರುವವರಿಗೆ ಈ ಮಾತಿನ ತೂಕ ಗೊತ್ತು. ಆ ರಾತ್ರಿ ನಿದ್ದೆ ಬರಲಿಲ್ಲ. ನಮ್ಮವರು "ಬಿಟ್ಟುಬಿಡು" ಅಂದರು. ಬಿಡೋಣ ಅಂತಲೂ ಅನಿಸಿತು. ಬೆಳಿಗ್ಗೆ ಅಜ್ಜಿ ಕೊಡ ಹೊತ್ತು ತೋಡಿನಿಂದ ಏರು ಹತ್ತಿ ಬರುವುದನ್ನು ನೋಡಿದೆ. ಅವರ ಹೆಬ್ಬೆಟ್ಟು ಒತ್ತಿಸಿದ್ದು ನಾನೇ ಅಲ್ವಾ. ಅದೇ ದಿನ ತಾಲ್ಲೂಕು ಪಂಚಾಯಿತಿಗೆ ಮೊದಲ ಮೇಲ್ಮನವಿ ಹಾಕಿದೆ. ಗಡುವು ಮೀರಿದರೆ ಕಾಗದ ಉಚಿತವಾಗಿ ಕೊಡಬೇಕು, ಅದೂ ಕಾಯ್ದೆಯಲ್ಲೇ ಇದೆ. ಮೇಲ್ಮನವಿ ಹೋದ ಮೇಲೆ 46 ಪುಟ ಬಂತು, ಒಂದು ರೂಪಾಯಿ ಕೊಡಲಿಲ್ಲ.

ಅಷ್ಟರಲ್ಲಿ ಪಕ್ಕದ ಮನೆಯ ಕಾಲೇಜು ಹುಡುಗಿ ಮೊಬೈಲಿನಲ್ಲಿ ಪಂಚಾಯಿತಿಗಳ ಲೆಕ್ಕ ತೋರಿಸುವ ಸರ್ಕಾರಿ ಜಾಲತಾಣ ಇ-ಗ್ರಾಮ ಸ್ವರಾಜ್ ತೆರೆದು ತೋರಿಸಿದಳು. ರಾಜ್ಯ, ಜಿಲ್ಲೆ, ತಾಲ್ಲೂಕು, ಪಂಚಾಯಿತಿ ಆರಿಸಿದರೆ ಯಾವ ವರ್ಷ ಯಾವ ಕೆಲಸಕ್ಕೆ ಎಷ್ಟು ಹಣ ಹೋಗಿದೆ ಅಂತ ಕಾಣುತ್ತದೆ. ಇದಕ್ಕೆ ಅರ್ಜಿಯೂ ಬೇಡ, ಯಾರ ಅಪ್ಪಣೆಯೂ ಬೇಡ. ನಮ್ಮ ಪೈಪಿನ ಹೆಸರಿನಲ್ಲಿ 1,80,000 ರೂಪಾಯಿ ಖರ್ಚಾಗಿತ್ತು. ಅದು 15ನೇ ಹಣಕಾಸು ಆಯೋಗದ ಅನುದಾನ. ಆ ಅನುದಾನದಲ್ಲಿ ನೂರಕ್ಕೆ 60 ಪಾಲು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಕಟ್ಟಿಟ್ಟ ಹಣವಾಗಿತ್ತು, ಬೇರೆ ಕಡೆ ತಿರುಗಿಸುವ ಹಾಗಿರಲಿಲ್ಲ. ಕಾಗದದ ಮೇಲೆ ತಿರುಗಿಸಿಯೂ ಇಲ್ಲ. ನೀರಿಗೆ ಅಂತಲೇ ಬರೆದು ಖರ್ಚು ಮಾಡಿದ್ದಾರೆ, ನೀರು ಮಾತ್ರ ಬರಲಿಲ್ಲ. ಇದನ್ನು ನೋಡಿದಾಗ ನನಗೆ ಅಳು ಬಂತು. ನಮಗೆ ಹಣ ಬಂದಿಲ್ಲ, ಸರ್ಕಾರ ಕೊಟ್ಟಿಲ್ಲ ಅಂತ ಇಷ್ಟು ದಿನ ನಂಬಿಕೊಂಡಿದ್ದೆವು.

ಬಂದ ಕಾಗದಗಳಲ್ಲಿ ಫೋಟೊ ಒಂದಿತ್ತು. ಹೊಸ ನೀಲಿ ಪೈಪ್, ಪಕ್ಕದಲ್ಲಿ ಅಡಿಕೆ ಮರಗಳ ಸಾಲು. ನಮ್ಮ ಪೈಸಾರಿಯಲ್ಲಿ ಒಂದೇ ಒಂದು ಅಡಿಕೆ ಮರ ಇಲ್ಲ.

ಮುಂದಿನ ಗ್ರಾಮ ಸಭೆ ಜೂನ್ ಮಳೆಯಲ್ಲಿ ಆಯಿತು. ಆರು ತಿಂಗಳಿಗೆ ಒಂದಾದರೂ ಮಾಡಲೇಬೇಕಲ್ಲ. ನಾವು ಹದಿಮೂರು ಜನ ಹೋಗಿ ಬಾಗಿಲಲ್ಲಿ ನಿಂತೆವು. ಮೇಲೆ ತಾರೀಕು, ಸ್ಥಳ, "ಹಾಜರಾತಿ ಮಾತ್ರ" ಅಂತ ಬರೆಯದೆ ಸಹಿ ಇಲ್ಲ ಅಂದೆವು. ಸಿಬ್ಬಂದಿಗೆ ಸಿಟ್ಟು ಬಂತು. ಹಿಂದೆ ನಿಂತವರಲ್ಲೂ ಕೆಲವರು "ಏನಮ್ಮಾ, ಮಳೆಯಲ್ಲಿ ನಿಲ್ಲಿಸ್ತೀರಾ" ಅಂದರು. ಕೊನೆಗೆ ಬರೆದರು. ಒಳಗೆ ಹೋಗಿ ಹಿಂದಿನ ಸಭೆಯ ನಡವಳಿ ಓದಿ ಅಂತ ಕೇಳಿದೆ. ಪೈಪಿನ ಸಾಲು ಓದಿದಾಗ ಅಜ್ಜಿ ಎದ್ದು ನಿಂತು, "ನನ್ನ ಹೆಬ್ಬೆಟ್ಟು ಅದಕ್ಕೆ ಅಲ್ಲ" ಅಂದರು. ಅಷ್ಟೇ ಅಂದದ್ದು. ಸಭೆ ಸ್ವಲ್ಪ ಹೊತ್ತು ಸುಮ್ಮನಾಯಿತು. ಆಕ್ಷೇಪವನ್ನು ನಡವಳಿಯಲ್ಲಿ ಬರೆಯುವವರೆಗೆ ನಾವು ಕುರ್ಚಿ ಬಿಟ್ಟು ಏಳಲಿಲ್ಲ, 40 ನಿಮಿಷ ಹಿಡಿಯಿತು. ಬರೆದ ಪುಟದ ಕೊನೆಯ ಸಾಲಿನ ಕೆಳಗೆ ಗೆರೆ ಎಳೆಸಿ, ಪುಟದ ಫೋಟೊ ತೆಗೆದುಕೊಂಡು ಹೊರಟೆವು. ನೀವು ಬೇರೇನೂ ಮಾಡಲಾಗದಿದ್ದರೂ ಇದನ್ನಾದರೂ ಮಾಡಿ. ಸಭೆ ಮುಗಿದ ತಕ್ಷಣ ನಡವಳಿ ಓದಿಸಿ, ಗೆರೆ ಎಳೆಸಿ, ಫೋಟೊ ತೆಗೆಯಿರಿ. ನಾಳೆ ಬರುತ್ತೇನೆ ಅಂತ ಹೊರಟರೆ ಆ ಪುಟ ನಿಮ್ಮ ಕೈಯಲ್ಲಿರುವುದಿಲ್ಲ.

ಹಣ ವಾಪಸ್ ಬಂದಿಲ್ಲ. ಜಿಲ್ಲಾ ಪಂಚಾಯಿತಿಗೆ 46 ಪುಟದ ನಕಲಿನ ಜೊತೆ ದೂರು ಕೊಟ್ಟಿದ್ದೇವೆ. ಹಕ್ಕುಪತ್ರದ ಅರ್ಜಿ ಎಲ್ಲಿತ್ತೋ ಅಲ್ಲೇ ಇದೆ, ಅದಕ್ಕೂ ಇದಕ್ಕೂ ಸಂಬಂಧ ಇದೆಯೋ ಇಲ್ಲವೋ ನಾನು ಹೇಳಲಾರೆ.

ಜಮಾಬಂದಿ ಹತ್ತಿರ ಬಂತು. ಅದು ಪ್ರತಿ ವರ್ಷ ಆಗಸ್ಟ್, ಸೆಪ್ಟೆಂಬರ್ ಹೊತ್ತಿಗೆ ಆಗುತ್ತದೆ. ಹಿಂದಿನ ವರ್ಷದ ಲೆಕ್ಕ ಜನರ ಮುಂದೆ ಇಟ್ಟು, ಕೆಲಸ ಆದ ಜಾಗಕ್ಕೂ ಹೋಗಿ ನೋಡಬೇಕು. ಗ್ರಾಮ ಸಭೆಗೆ ಬರುವಷ್ಟು ಜನವೂ ಅದಕ್ಕೆ ಬರುವುದಿಲ್ಲ, ಯಾವತ್ತು ಅಂತ ಗೊತ್ತೂ ಆಗುವುದಿಲ್ಲ. ನಿಮ್ಮ ಪಂಚಾಯಿತಿಯಲ್ಲಿ ತಾರೀಕು ಈಗಲೇ ಕೇಳಿಟ್ಟುಕೊಳ್ಳಿ. ನಮ್ಮ ಅಳತೆ ಪುಸ್ತಕದಲ್ಲಿ ಹೊಸ ಪೈಪ್ 240 ಮೀಟರ್ ಅಂತ ಇದೆ. ಸಂಘದ ದುಡ್ಡಿನಲ್ಲಿ 50 ಮೀಟರಿನ ಟೇಪ್ ತಂದಿದ್ದೇವೆ. ತೊಟ್ಟಿಯಿಂದ ಮನೆಗಳವರೆಗೆ ಅಧಿಕಾರಿಗಳ ಎದುರಿಗೇ ಹಿಡಿದು ಅಳೆಯುತ್ತೇವೆ, ಟೇಪಿನ ಒಂದು ತುದಿ ಅಜ್ಜಿ ಹಿಡಿಯುತ್ತಾರಂತೆ.