8 ವರ್ಷ, 52 ಸಾವಿರ ಕಿಲೋಮೀಟರ್: ನಮ್ಮ 540 ಜೀಪಿಗೆ ಹಾಕಿದ ಸೆಕೆಂಡ್‌ಹ್ಯಾಂಡ್ ಎಂಜಿನ್

ನಮ್ಮದು ಮೂಡಿಗೆರೆ ಕಡೆಯ ತೋಟದ ಮನೆ. ಜೀಪು 1993ರ ಮಹೀಂದ್ರಾ ಎಂಎಂ 540. ಅಪ್ಪ ಶೋರೂಮಿನಿಂದ ಹೊಸದಾಗಿ ತಂದದ್ದು. ಕಾಫಿ ಮೂಟೆ, ಗೊಬ್ಬರ, ಆಳುಗಳು, ಮದುವೆ ದಿಬ್ಬಣ, ರಾತ್ರಿ ಹೊತ್ತು ಆಸ್ಪತ್ರೆಗೆ ಓಡುವುದು, ಎಲ್ಲಾ ಇದರಲ್ಲೇ. 2017ರಲ್ಲಿ ಇದರ ಎಂಜಿನ್ ಹೋಯಿತು. ಅದೇ ವರ್ಷ ನವೆಂಬರ್‌ನಲ್ಲಿ ಹಳೆ ಎಂಜಿನ್ ಒಂದನ್ನು ಕೊಂಡು ಕೂರಿಸಿದೆವು. ಅಲ್ಲಿಂದ ಇಲ್ಲಿವರೆಗೆ 52 ಸಾವಿರ ಕಿಲೋಮೀಟರ್ ಓಡಿದೆ. ಹಳೆ ಗಾಡಿ ಇಟ್ಟುಕೊಂಡವರು ಆಗಾಗ ಫೋನ್ ಮಾಡಿ ಕೇಳುತ್ತಾರೆ, ಸೆಕೆಂಡ್‌ಹ್ಯಾಂಡ್ ಎಂಜಿನ್ ತಗೋಬಹುದಾ ಅಂತ. ಅವರಿಗೆಲ್ಲ ಒಟ್ಟಿಗೆ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಎಂಜಿನ್ ಹೋದದ್ದು ಹೇಗೆ ಅಂತ ಹೇಳಿಬಿಡುತ್ತೇನೆ. ಏಪ್ರಿಲ್ ತಿಂಗಳು. ಬೆಳ್ತಂಗಡಿಯಿಂದ ಅಡಿಕೆ ಸಸಿ ತುಂಬಿಕೊಂಡು ಚಾರ್ಮಾಡಿ ಘಾಟಿ ಹತ್ತುತ್ತಿದ್ದೆ. ಹೀಟ್ ತೋರಿಸುವ ಮೀಟರ್ ಕೆಟ್ಟು ಎರಡು ವರ್ಷ ಆಗಿತ್ತು, ಸರಿ ಮಾಡಿಸಿರಲಿಲ್ಲ. ರೇಡಿಯೇಟರ್ ಪೈಪು ಯಾವಾಗ ಬಿರುಕು ಬಿಟ್ಟಿತೋ ಗೊತ್ತಾಗಲಿಲ್ಲ. ಘಾಟಿ ಮುಗಿಯುವ ಹೊತ್ತಿಗೆ ಎಂಜಿನ್ ಎಳೆಯುವುದನ್ನೇ ಬಿಟ್ಟಿತು. ಆರಿದ ಮೇಲೆ ಆಯಿಲ್ ಮಟ್ಟ ನೋಡುವ ಕಡ್ಡಿ, ಡಿಪ್‌ಸ್ಟಿಕ್, ಎಳೆದು ನೋಡಿದರೆ ಆಯಿಲ್ ಕಪ್ಪಗಿರಲಿಲ್ಲ, ಹಾಲು ಜಾಸ್ತಿಯಾದ ಕಾಫಿಯ ಬಣ್ಣ. ನೀರು ಸೇರಿತ್ತು. ಮುನ್ನೂರು ರೂಪಾಯಿಯ ಮೀಟರ್ ಹಾಕಿಸದೆ ಅಪ್ಪನ ಎಂಜಿನ್ ಕಳೆದೆ ಅನ್ನುವ ಬೇಜಾರು ನನಗೆ ಇವತ್ತಿಗೂ ಇದೆ.

ನಮ್ಮ ಜೀಪು ನೋಡುವ ಮೆಕ್ಯಾನಿಕ್ ಸಾಬ್ರು ಎಂಜಿನ್ನಿನ ಮೇಲ್ಭಾಗದ ಹೆಡ್ ಬಿಚ್ಚಿದರು. ಒಂದು ಮಾತೂ ಆಡದೆ ಬಟ್ಟೆಯಲ್ಲಿ ಬ್ಲಾಕ್, ಅಂದರೆ ಎಂಜಿನ್ನಿನ ಮುಖ್ಯ ಒಡಲು, ಒರೆಸಿ, ಟಾರ್ಚ್ ಹಿಡಿದು ಬೆರಳಿಟ್ಟು ತೋರಿಸಿದರು. ಕೂದಲೆಳೆಯಷ್ಟು ಸಣ್ಣ ಗೆರೆ. "ಗೌಡ್ರೇ, ಲೈನರ್ ಹೋಗಿದ್ರೆ ಹಾಕಬಹುದಿತ್ತು. ಇದು ಬ್ಲಾಕೇ ಒಡೆದಿದೆ. ಬೇರೆ ಎಂಜಿನ್ ನೋಡಿ."

ಈ ಎಂಜಿನ್ ಬಗ್ಗೆ ಎರಡು ಮಾತು. 540ಯಲ್ಲಿ ಇರುವುದು ಎಕ್ಸ್‌ಡಿಪಿ 4.90. ನಮ್ಮ ಕಡೆ ಎಲ್ಲರ ಬಾಯಲ್ಲೂ ಅದು ಪ್ಯೂಜೋ ಎಂಜಿನ್. ಫ್ರಾನ್ಸಿನ ಪ್ಯೂಜೋ ಕಂಪನಿಯ ವಿನ್ಯಾಸ, ಮಹೀಂದ್ರಾದವರು ಒಪ್ಪಂದ ಮಾಡಿಕೊಂಡು ಇಲ್ಲೇ ತಯಾರಿಸಿದ್ದು. ನಾಲ್ಕು ಸಿಲಿಂಡರ್, 90 ಮಿಲಿಮೀಟರ್ ಬೋರ್ (ಸಿಲಿಂಡರಿನ ಒಳ ಅಗಲ), ಹೆಸರಿನ 4.90 ಅಂದರೆ ಅದೇ. ಸ್ಟ್ರೋಕ್ (ಪಿಸ್ಟನ್ ಓಡಾಡುವ ಉದ್ದ) 83 ಮಿಲಿಮೀಟರ್, ಒಟ್ಟು 2112 ಸಿಸಿ. ಲೈನರ್ ಅಂದರೆ ಬ್ಲಾಕಿನೊಳಗೆ ಕೂರುವ, ಪಿಸ್ಟನ್ ಓಡಾಡುವ ಕೊಳವೆ. ಇದಕ್ಕೆ ವೆಟ್ ಲೈನರ್. ಅಂದರೆ ಲೈನರಿನ ಹೊರಮೈಗೆ ನೇರವಾಗಿ ನೀರು ತಾಗುತ್ತದೆ. ಸವೆದರೆ ಹಳೆಯದನ್ನು ಎಳೆದು ಹೊಸದು ಕೂರಿಸಬಹುದು, ಬ್ಲಾಕ್ ಕೊರೆಯಬೇಕಾಗಿಲ್ಲ. ಹಳೆ ಎಂಜಿನ್ ಕೊಳ್ಳುವವರಿಗೆ ಇದು ದೊಡ್ಡ ಅನುಕೂಲ. ಆದರೆ ಕೂಲೆಂಟ್ ಹಾಕದೆ ಬರೀ ಬಾವಿ ನೀರಿನಲ್ಲಿ ಓಡಿಸಿದ ಎಂಜಿನ್ ಆದರೆ ಲೈನರ್ ಹೊರಗಡೆಯಿಂದ ತುಕ್ಕು ತಿಂದಿರುತ್ತದೆ. ಬ್ಲಾಕಿನಲ್ಲಿ ಲೈನರ್ ಕೂರುವ ಜಾಗವೂ ಸವೆದಿರುತ್ತದೆ. ಅದು ಬಿಚ್ಚುವವರೆಗೆ ಕಾಣುವುದಿಲ್ಲ. ಮೇಲಿನಿಂದ ಎಷ್ಟೇ ಚೆಂದ ಪೇಂಟ್ ಹೊಡೆದಿದ್ದರೂ ಅಷ್ಟೇ.

ಮೊದಲ ಸಲ ನಾನು ಮೋಸ ಹೋದದ್ದು ಆ ಪೇಂಟಿಗೇ. ಬೆಂಗಳೂರಿನ ಗುಜರಿಯಲ್ಲಿ ಹುಡುಕಿದೆ. ಒಂದು ಅಂಗಡಿಯಲ್ಲಿ ಬೆಳ್ಳಿ ಬಣ್ಣ ಬಳಿದ ಎಂಜಿನ್ ನೆಲದ ಮೇಲೆ ಕೂತಿತ್ತು. "ಸಾರ್, ಫುಲ್ ಕೆಲಸ ಆಗಿರೋ ಎಂಜಿನ್, ಹೋಗಿ ಕೂರಿಸಿ ಓಡಿಸೋದಷ್ಟೇ" ಅಂದರು. ಸ್ಟಾರ್ಟ್ ಮಾಡಿ ತೋರಿಸಿ ಅಂದೆ. ಬ್ಯಾಟರಿ ಇಲ್ಲ, ರೇಡಿಯೇಟರ್ ಇಲ್ಲ ಅಂದರು. ಅಲ್ಲೇ ಎದ್ದು ಬರಬೇಕಿತ್ತು. ಮಳೆಗಾಲ ಹತ್ತಿರ ಬಂದಿತ್ತು, ಜೀಪಿಲ್ಲದೆ ತೋಟ ನಡೆಯುವುದಿಲ್ಲ, ಆ ಅವಸರದಲ್ಲಿ 35 ಸಾವಿರ ಕೊಟ್ಟು ಗೂಡ್ಸ್ ಗಾಡಿಗೆ ಏರಿಸಿದೆ.

ಊರಿಗೆ ಬಂದಮೇಲೆ ಸಾಬ್ರು ಮೊದಲು ನೋಡಿದ್ದು ಎಂಜಿನ್ ನಂಬರ್. ಒಂದು ಚಿಂದಿಗೆ ಥಿನ್ನರ್ ಹಾಕಿ ನಂಬರ್ ಇರುವ ಜಾಗದ ಪೇಂಟ್ ಒರೆಸಿದರು. ಅದರ ಮೇಲೆ ಬಿಳಿ ಹಾಳೆ ಇಟ್ಟು ಪೆನ್ಸಿಲ್ ಉಜ್ಜಿದರು. ಆರ್‌ಟಿಒಗೆ ಕೊಡುವ ಪೆನ್ಸಿಲ್ ಪ್ರಿಂಟ್ ಅನ್ನುತ್ತಾರಲ್ಲ, ಅದೇ. ಹಾಳೆ ಮೇಲೆ ನಂಬರ್ ಮೂಡಲಿಲ್ಲ. ಒಂದೇ ದಿಕ್ಕಿಗೆ ಹೋದ ಸಣ್ಣ ಸಣ್ಣ ಗೀರುಗಳು ಮೂಡಿದವು. ಗ್ರೈಂಡರ್ ಹಿಡಿದಿದ್ದರು. ಆ ಹಾಳೆ ಕೈಯಲ್ಲಿ ಹಿಡಿದಾಗ ನನಗೆ ಕೈಕಾಲು ತಣ್ಣಗಾಯಿತು. ಕದ್ದ ಗಾಡಿಯದ್ದೇ ಆಗಿದ್ದರೆ? ಬಿಲ್ಲೂ ಇಲ್ಲ, ಎಂಜಿನ್ ಬಂದ ಗಾಡಿಯ ಆರ್‌ಸಿಯೂ ಇಲ್ಲ. ಒಳಗೆ ಬಿಚ್ಚಿ ನೋಡುವ ಗೋಜಿಗೂ ಹೋಗಲಿಲ್ಲ, ಮರುದಿನವೇ ವಾಪಸ್ ಒಯ್ದೆವು. ತುಂಬಾ ಮಾತುಕತೆ ಆಗಿ 25 ಸಾವಿರ ಕೊಟ್ಟರು. 10 ಸಾವಿರ ಮತ್ತು ಹೋಗಿ ಬರುವ ಬಾಡಿಗೆ 7 ಸಾವಿರ ಹೋಯಿತು. ಗುಜರಿಯವರೆಲ್ಲಾ ಹೀಗೆ ಅಂತ ನಾನು ಹೇಳುವುದಿಲ್ಲ. ಗೇರ್‌ಬಾಕ್ಸ್, ಬಂಪರ್, ಡೈನಮೋ ಎಲ್ಲಾ ಗುಜರಿಯಿಂದಲೇ ತಂದಿದ್ದೇನೆ, ಚೆನ್ನಾಗಿ ನಡೆದಿವೆ. ಆದರೆ ಎಂಜಿನ್ ಅಂದರೆ ಬರೀ ಕಬ್ಬಿಣ ಅಲ್ಲ, ಅದಕ್ಕೊಂದು ನಂಬರ್ ಇದೆ, ಆ ನಂಬರಿಗೊಂದು ಕಾಗದ ಇದೆ.

ಆ ಮಳೆಗಾಲ ಬಾಡಿಗೆ ಜೀಪಿನಲ್ಲಿ ಕಳೆದೆವು. ಅಕ್ಟೋಬರಿನಲ್ಲಿ ಸಕಲೇಶಪುರದ ಕಡೆ ಒಂದು ಎಸ್ಟೇಟಿನಲ್ಲಿ ಹಳೆ 540 ಒಂದು ಇದೆ ಅಂತ ಗೊತ್ತಾಯಿತು. ಬಾಡಿ, ಚಾಸಿ ಪೂರ್ತಿ ತುಕ್ಕು ಹಿಡಿದು ಹೋಗಿದೆ, ಆದರೆ ಎಂಜಿನ್ ಓಡುತ್ತಿದೆ. ಮುಖ್ಯ ಮಾತು ಇದೇ: ಗಾಡಿಯಲ್ಲೇ ಕೂತು ಓಡುತ್ತಿರುವ ಎಂಜಿನ್. ಹಿಂದಿನ ದಿನವೇ ಫೋನ್ ಮಾಡಿ, "ನಾಳೆ ನಾವು ಬರುವವರೆಗೆ ಸ್ಟಾರ್ಟ್ ಮಾಡಬೇಡಿ" ಅಂತ ಕೇಳಿಕೊಂಡೆವು. ಬೆಳಿಗ್ಗೆ ಏಳಕ್ಕೆ ಅಲ್ಲಿದ್ದೆವು. ಸಾಬ್ರು ಬಾನೆಟ್ ತೆಗೆದು ಬ್ಲಾಕಿನ ಮೇಲೆ ಅಂಗೈ ಇಟ್ಟರು. ಇಬ್ಬನಿ ಕೂತು ತಣ್ಣಗಿತ್ತು. ಬಿಸಿ ಎಂಜಿನ್ ಯಾರು ಬೇಕಾದರೂ ಸ್ಟಾರ್ಟ್ ಮಾಡಿ ತೋರಿಸಬಹುದು, ತಣ್ಣಗಿರುವಾಗ ಹಿಡಿದರೆ ಮಾತ್ರ ನಿಜ ಗೊತ್ತಾಗುವುದು.

ಅವರು ನೋಡಿದ ಕ್ರಮ ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಸ್ಟಾರ್ಟ್ ಮಾಡುವ ಮೊದಲು ಡಿಪ್‌ಸ್ಟಿಕ್, ರೇಡಿಯೇಟರ್ ನೀರು. ಆಯಿಲ್ ಕಪ್ಪಗಿತ್ತು, ಅದು ಡೀಸೆಲ್ ಗಾಡಿಗೆ ಸಹಜ. ನೀರಿನ ಮೇಲೆ ಎಣ್ಣೆಯ ಬಣ್ಣ ಇರಲಿಲ್ಲ. ಹೀಟರ್ ಪ್ಲಗ್ ಕಾಯಿಸಿ ಸೆಲ್ಫ್ ಕೊಟ್ಟಾಗ ಎರಡನೇ ಸಲಕ್ಕೆ ಹಿಡಿಯಿತು. ಸ್ವಲ್ಪ ಬಿಳಿ ಹೊಗೆ ಬಂದು ಎರಡು ನಿಮಿಷಕ್ಕೆ ನಿಂತಿತು. ಬಿಳಿ ಹೊಗೆ ನಿಲ್ಲದಿದ್ದರೆ, ನೀಲಿ ಹೊಗೆ ಬಂದರೆ ಅನುಮಾನ ಪಡಬೇಕು. ಆಮೇಲೆ ಆಯಿಲ್ ಹಾಕುವ ಮುಚ್ಚಳ ಬಿಚ್ಚಿ ಅಲ್ಲೇ ಬೋರಲಾಗಿ ಇಟ್ಟರು. ಮುಚ್ಚಳ ನಡುಗಿತು, ಆದರೆ ಹಾರಿ ಬೀಳಲಿಲ್ಲ. ನನ್ನ ಕೈ ಹಿಡಿದು ಆ ತೂತಿನ ಮೇಲೆ ಇಟ್ಟರು. ಬೆಚ್ಚಗೆ, ಮಗು ಉಸಿರಾಡಿದ ಹಾಗೆ ಪುಸ್ ಪುಸ್ ಅಂತ ಅಂಗೈಗೆ ತಾಗಿತು. ಪಿಸ್ಟನ್ ರಿಂಗ್ ಸವೆದಾಗ ಗ್ಯಾಸ್ ಹೀಗೆ ಕೆಳಗೆ ಸೋರಿ ಹೊರಗೆ ಬರುತ್ತದೆ, ಇದಕ್ಕೇ ಮೆಕ್ಯಾನಿಕ್‌ಗಳು ಬ್ಯಾಕ್ ಕಂಪ್ರೆಷನ್ ಅನ್ನುವುದು. "ಸ್ವಲ್ಪ ಇದೆ. ರಿಂಗ್ ಸವೆದಿದೆ. ಆದ್ರೆ ಕೆಟ್ಟಿಲ್ಲ" ಅಂದರು. ಅರ್ಧ ಗಂಟೆ ತೋಟದ ರಸ್ತೆಯಲ್ಲಿ ಓಡಿಸಿ, ಪೂರ್ತಿ ಬಿಸಿಯಾದ ಮೇಲೆ ಆಯಿಲ್ ಪ್ರೆಷರ್ ನೋಡಿದರು. ಬಿಸಿ ಎಂಜಿನ್ ನಿಧಾನಕ್ಕೆ ತಿರುಗುವಾಗ ಮುಳ್ಳು ಪೂರ್ತಿ ಕೆಳಗೆ ಬಿದ್ದರೆ ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ದಂಡ) ಬೇರಿಂಗ್ ಹೋಗಿರಬಹುದು ಅಂತ ಅರ್ಥ. ಬೀಳಲಿಲ್ಲ. ಕೊನೆಗೆ ನಂಬರಿನ ಪೆನ್ಸಿಲ್ ಪ್ರಿಂಟ್. ಅಂಕಿಗಳು ಒಂದೊಂದಾಗಿ ಸ್ಪಷ್ಟವಾಗಿ ಮೂಡಿದವು, ಆರ್‌ಸಿ ಪಕ್ಕ ಇಟ್ಟು ತಾಳೆ ನೋಡಿದೆವು.

42 ಸಾವಿರಕ್ಕೆ ಎಂಜಿನ್, ಗೇರ್‌ಬಾಕ್ಸ್ ಎರಡೂ ಸಿಕ್ಕವು. ಆದರೆ ಖರ್ಚು ಅಲ್ಲಿಗೆ ಮುಗಿಯಲಿಲ್ಲ, ಇದನ್ನು ಎಲ್ಲರೂ ಗಮನಿಸಬೇಕು. ಹೊರಗಿರುವಾಗಲೇ ಬಿಚ್ಚಿಬಿಡೋಣ ಅಂತ ಸಾಬ್ರು ಹಠ ಹಿಡಿದರು. ಬೆಂಗಳೂರಿನ ಜೆ.ಸಿ. ರೋಡಿನಿಂದ ಲೈನರ್, ಪಿಸ್ಟನ್, ರಿಂಗ್, ಬೇರಿಂಗ್, ಗ್ಯಾಸ್ಕೆಟ್ ಸೆಟ್ ತಂದದ್ದಕ್ಕೆ 24 ಸಾವಿರ. ಡೀಸೆಲ್ ಪಂಪು ಮತ್ತು ಡೀಸೆಲ್ ಚಿಮ್ಮಿಸುವ ನಾಝಲ್ ಸರ್ವಿಸ್‌ಗೆ 14 ಸಾವಿರ. ಲೇತ್ ಕೆಲಸ 6 ಸಾವಿರ, ಕ್ಲಚ್ ಪ್ಲೇಟ್ ನಾಲ್ಕೂವರೆ ಸಾವಿರ, ಕೂಲಿ 15 ಸಾವಿರ. ಒಟ್ಟು 1 ಲಕ್ಷದ 5 ಸಾವಿರದ 500 ರೂಪಾಯಿ. ಎಂಜಿನ್ನಿಗೆ ಕೊಟ್ಟಷ್ಟೇ ದುಡ್ಡು, ಇನ್ನೂ ಜಾಸ್ತಿಯೇ, ಅದನ್ನು ಸರಿಮಾಡಲು ಬೇಕು ಅಂತ ಮೊದಲೇ ತೆಗೆದಿಡಿ. ಇಲ್ಲದಿದ್ದರೆ ಕೊಳ್ಳಲೇಬೇಡಿ.

ಬೇರೆ ದೊಡ್ಡ ಎಂಜಿನ್ ಹಾಕಿ ಅಂತ ಹೇಳಿದವರೂ ಇದ್ದರು. ಮಹೀಂದ್ರಾದ್ದೇ 2523 ಸಿಸಿಯ ಎಂಡಿಐ ಡೈರೆಕ್ಟ್ ಇಂಜೆಕ್ಷನ್ ಎಂಜಿನ್. ಅದು ಗಟ್ಟಿ, ಡೀಸೆಲ್ಲೂ ಕಡಿಮೆ ಕುಡಿಯುತ್ತದೆ, ಒಪ್ಪುತ್ತೇನೆ. ಆದರೆ ಆರ್‌ಸಿಯಲ್ಲಿ ಬರೆದ ಎಂಜಿನ್ ಒಂದು, ಬಾನೆಟ್ ಒಳಗೆ ಇರುವುದು ಇನ್ನೊಂದು ಆದರೆ ಕಷ್ಟ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇರುವುದೇ ಇಂಥದ್ದಕ್ಕೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಕಂಪನಿ ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಾಯಿಸುವಂತಿಲ್ಲ ಅಂತ ಹೇಳಿತು. ಅದೇ ಜಾತಿಯ ಎಂಜಿನ್ ಆದರೂ ನಂಬರ್ ಬದಲಾಗುತ್ತದಲ್ವಾ, ಅದಕ್ಕೂ ಆರ್‌ಟಿಒ ಅನುಮತಿ ಬೇಕು. ನಾವು ಮೊದಲು ಅರ್ಜಿ ಕೊಟ್ಟು, ಕೊಂಡ ಪತ್ರ, ಆ ಗಾಡಿಯ ಆರ್‌ಸಿ ನಕಲು, ಗ್ಯಾರೇಜ್ ಬಿಲ್, ಪೆನ್ಸಿಲ್ ಪ್ರಿಂಟ್ ಎಲ್ಲಾ ಹಚ್ಚಿದೆವು. ಇನ್ಸ್‌ಪೆಕ್ಟರ್ ಗಾಡಿ ನೋಡಿ ಹೊಸ ನಂಬರ್ ಏರಿಸಿಕೊಟ್ಟರು. ಎಸ್ಟೇಟಿನವರು ತಮ್ಮ ಗಾಡಿಯ ನೋಂದಣಿ ರದ್ದು ಮಾಡಿಸಿದರು. ನಾಲ್ಕು ಸಲ ಚಿಕ್ಕಮಗಳೂರಿಗೆ ಓಡಾಡಿದ್ದು ನಿಜ. ಇನ್ಶೂರೆನ್ಸಿನವರಿಗೂ ಕಾಗದ ಕೊಟ್ಟು ಪಾಲಿಸಿಯಲ್ಲಿ ನಂಬರ್ ತಿದ್ದಿಸಿದೆ. ಅಪಘಾತವಾದಾಗ ನಂಬರ್ ಹೊಂದದಿದ್ದರೆ ಕ್ಲೇಮ್ ಕೈತಪ್ಪುವ ಅಪಾಯ ಇದೆ.

ಇನ್ನು ಓಡಿದ ಕಥೆ. ಮೊದಲ ಸಾವಿರ ಕಿಲೋಮೀಟರ್ ಲೋಡ್ ಹಾಕದೆ ಓಡಿಸಿ ಆಯಿಲ್ ಬದಲಾಯಿಸಿದೆವು. ಮೊದಲ ಮಳೆಗಾಲದಲ್ಲೇ ಕ್ರ್ಯಾಂಕಿನ ಹಿಂದಿನ ಸೀಲಿನಿಂದ ಆಯಿಲ್ ಜಿನುಗಲು ಶುರುವಾಯಿತು. ಗೇರ್‌ಬಾಕ್ಸ್ ಇಳಿಸಿ ಸೀಲ್ ಬದಲಾಯಿಸಿದರೂ ಪೂರ್ತಿ ನಿಂತಿಲ್ಲ, ಈಗಲೂ ರಾತ್ರಿ ನಿಲ್ಲಿಸಿದ ಜಾಗದಲ್ಲಿ ನಾಲ್ಕೈದು ಹನಿ ಬೀಳುತ್ತದೆ. ಕೊರತೆ ಅಂದರೆ ಇದೊಂದು. ಹೀಟರ್ ಪ್ಲಗ್ ಎರಡು ಸಲ ಬದಲಾಯಿಸಿದ್ದೇನೆ. ವಾಟರ್ ಪಂಪ್ ಒಮ್ಮೆ. ಲಾಕ್‌ಡೌನಿನಲ್ಲಿ ಎರಡು ತಿಂಗಳು ನಿಂತಾಗ ಡೀಸೆಲ್ ಪೈಪಿನಲ್ಲಿ ಗಾಳಿ ಸೇರಿತ್ತು, ಗಾಳಿ ತೆಗೆದ ಮೇಲೆ ಹಿಡಿಯಿತು. ಮೈಲೇಜ್ ಲೀಟರಿಗೆ 11 ಕಿಲೋಮೀಟರ್ ಆಸುಪಾಸು, ತೋಟದ ದಾರಿಯಲ್ಲಿ ಇನ್ನೂ ಕಡಿಮೆ.

2019ರ ಆಗಸ್ಟ್ ಮಳೆ ನಮ್ಮ ಕಡೆಯವರು ಯಾರೂ ಮರೆಯುವುದಿಲ್ಲ. ಗುಡ್ಡ ಕುಸಿದು ಚಾರ್ಮಾಡಿ ಬಂದ್ ಆಗಿತ್ತು. ಕರೆಂಟಿಲ್ಲ, ಫೋನಿಲ್ಲ. ಮೂರು ದಿನ ಈ ಜೀಪು ಫೋರ್ ವೀಲ್ ಹಾಕಿಕೊಂಡು, ಕೆಸರಿನಲ್ಲಿ ಫಸ್ಟ್ ಗೇರಿನಲ್ಲೇ, ಮೇಲಿನ ಮನೆಗಳ ವಯಸ್ಸಾದವರನ್ನು, ಮಕ್ಕಳನ್ನು ಶಾಲೆ ಕಟ್ಟಡಕ್ಕೆ ಇಳಿಸಿತು. ಹೀಟ್ ಮೀಟರ್ ಮುಳ್ಳು ಒಂದು ಸಲವೂ ಅರ್ಧ ದಾಟಲಿಲ್ಲ. ಹೌದು, ಈ ಸಲ ಮೀಟರ್ ಮೊದಲೇ ಹಾಕಿಸಿದ್ದೆ. ಈ ಎಂಜಿನ್ನಿಗೆ ನಾನು ಕೊಟ್ಟ ದುಡ್ಡು ಆ ಮೂರು ದಿನದಲ್ಲೇ ತೀರಿತು ಅಂತ ನನ್ನ ಲೆಕ್ಕ.

2023ರಲ್ಲಿ ಆರ್‌ಸಿ ರಿನ್ಯೂವಲ್ ಬಂತು. ಹದಿನೈದು ವರ್ಷ ದಾಟಿದ ಮೇಲೆ ಐದೈದು ವರ್ಷಕ್ಕೊಮ್ಮೆ ಮಾಡಿಸಬೇಕು. 2022ರ ಮಾರ್ಚ್‌ವರೆಗೆ 600 ರೂಪಾಯಿ ಇದ್ದ ಶುಲ್ಕ 5,000 ಆಗಿತ್ತು. ಇನ್ಸ್‌ಪೆಕ್ಟರ್ ಬಾನೆಟ್ ತೆಗೆಸಿ ಎಂಜಿನ್ ನಂಬರ್ ಓದಿದರು, ಆರ್‌ಸಿ ನೋಡಿದರು, ಸಹಿ ಹಾಕಿದರು. ಎರಡು ನಿಮಿಷದ ಕೆಲಸ. ಬೆಳ್ಳಿ ಬಣ್ಣದ ಆ ಎಂಜಿನ್ ಇಟ್ಟುಕೊಂಡಿದ್ದರೆ ಅವತ್ತು ಏನಾಗುತ್ತಿತ್ತು ಅಂತ ಅಲ್ಲೇ ನಿಂತು ಯೋಚಿಸಿದೆ.

ಈಗ ಬೆಳಿಗ್ಗೆ ಚಳಿಯಲ್ಲಿ ಸ್ಟಾರ್ಟ್ ಆಗಲು ಸ್ವಲ್ಪ ತಡ ಮಾಡುತ್ತದೆ. ನಾಝಲ್ ಮತ್ತೆ ಸರ್ವಿಸ್ ಮಾಡಿಸುವ ಹೊತ್ತು ಬಂದಿದೆ, ಈ ಕಾಫಿ ಕುಯ್ಲು ಮುಗಿಸಿ ಮಾಡಿಸುತ್ತೇನೆ. ಮೊನ್ನೆ ಆಯಿಲ್ ಬದಲಾಯಿಸುವಾಗ ಸಾಬ್ರು ಮತ್ತೆ ಮುಚ್ಚಳ ಬೋರಲಾಗಿ ಇಟ್ಟು ನೋಡಿದರು. ಅಲ್ಲಾಡಲಿಲ್ಲ.

ಅಪ್ಪನ ಕಾಲದ ಎಂಜಿನ್ನಿನ ಬ್ಲಾಕ್ ಕೊಟ್ಟಿಗೆ ಮೂಲೆಯಲ್ಲಿದೆ. ಅದರ ಕ್ರ್ಯಾಂಕ್ ಅಳತೆ ಹಾಕಿಸಿದಾಗ ಚೆನ್ನಾಗಿಯೇ ಇತ್ತು. ಗ್ರೀಸ್ ಹಚ್ಚಿ, ಗೋಣಿ ಸುತ್ತಿ, ನೆಟ್ಟಗೆ ನಿಲ್ಲಿಸಿ ಇಟ್ಟಿದ್ದೇನೆ. ಮಲಗಿಸಿ ಇಟ್ಟರೆ ವರ್ಷಗಟ್ಟಲೆಯಲ್ಲಿ ಬಾಗುತ್ತದೆ ಅಂತಾರೆ ಸಾಬ್ರು. ಇಬ್ಬರು ಕೇಳಿಕೊಂಡು ಬಂದಿದ್ದರು. ಕೊಟ್ಟಿಲ್ಲ, ನಮ್ಮದಕ್ಕೇ ಬೇಕಾಗಬಹುದು.