ನಿಸ್ತಂತು ಭದ್ರತಾ ಅಲಾರಂ ಕಿಟ್: ಎಂಟು ತಿಂಗಳ ಬಳಕೆಯ ನಂತರ

ಒಂದು ಪ್ಯಾನೆಲ್, ಬಾಗಿಲು ಕಿಟಕಿಗಳಿಗೆ ಆಯಸ್ಕಾಂತದ ನಾಲ್ಕು ಸೆನ್ಸರ್, ಚಲನೆ ಗುರುತಿಸುವ ಎರಡು ಪಿಐಆರ್ ಸೆನ್ಸರ್, ಒಂದು ಸೈರನ್ ಮತ್ತು ಎರಡು ರಿಮೋಟ್ ಇರುವ ಈ ಕಿಟ್ಟನ್ನು ಮನೆಯಲ್ಲಿ ಅಳವಡಿಸಿ ಎಂಟು ತಿಂಗಳಾಯಿತು. ಮೊದಲ ಎರಡು ತಿಂಗಳಲ್ಲಿ ಸೈರನ್ ಒಂಬತ್ತು ಬಾರಿ ಕೂಗಿತು; ಒಮ್ಮೆಯೂ ಕಳ್ಳ ಬಂದಿರಲಿಲ್ಲ. ಆಮೇಲಿನ ಆರು ತಿಂಗಳಲ್ಲಿ ಅದು ವಿನಾಕಾರಣ ಕೂಗಿಲ್ಲ. ಈ ಬದಲಾವಣೆಗೆ ಒಂದೇ ಒಂದು ಬಿಡಿಭಾಗವನ್ನೂ ಬದಲಿಸಬೇಕಾಗಲಿಲ್ಲ ಎಂಬುದು ಕಿಟ್ಟಿನ ಪರವಾದ ಮಾತೂ ಹೌದು, ಅದರ ಕೈಪಿಡಿಯ ಮೇಲಿನ ದೂರೂ ಹೌದು.

ಒಂಬತ್ತರಲ್ಲಿ ಐದು ಕೂಗು ಹಜಾರದ ಪಿಐಆರ್‌ನಿಂದ ಬಂದವು. ಅದರೊಳಗೆ ಶಾಖಕ್ಕೆ ಸ್ಪಂದಿಸುವ ಎರಡು ಪುಟ್ಟ ಘಟಕಗಳಿದ್ದು, ಮುಂದಿನ ಪ್ಲಾಸ್ಟಿಕ್ ಲೆನ್ಸ್ ಕೋಣೆಯನ್ನು ಬೀಸಣಿಗೆಯ ಮಡಿಕೆಗಳಂತೆ ಹಲವು ಪಟ್ಟಿಗಳಾಗಿ ವಿಂಗಡಿಸುತ್ತದೆ. ಬೆಚ್ಚಗಿನ ದೇಹವೊಂದು ಪಟ್ಟಿಯಿಂದ ಪಟ್ಟಿಗೆ ದಾಟಿದಾಗ ಎರಡು ಘಟಕಗಳ ನಡುವೆ ಹುಟ್ಟುವ ವ್ಯತ್ಯಾಸವನ್ನೇ ಅದು ಚಲನೆ ಎಂದು ತಿಳಿಯುತ್ತದೆ. ಮೂರು ಮಾರು ದೂರದಲ್ಲಿ ನಡೆಯುವ ಮನುಷ್ಯನಿಗೂ ಲೆನ್ಸಿನ ಮೇಲೆಯೇ ಹರಿದಾಡುವ ಜೇಡಕ್ಕೂ ಅದು ಭೇದ ಕಾಣದು. ಏಣಿ ಹತ್ತಿ ಟಾರ್ಚನ್ನು ಓರೆಯಾಗಿ ಹಿಡಿದಾಗ ಲೆನ್ಸಿನ ಕೆಳಅಂಚಿನಿಂದ ಗೋಡೆಗೆ ಎಳೆದ ಒಂದೇ ಒಂದು ಜೇಡರ ನೂಲು ಹೊಳೆಯಿತು. ರಾತ್ರಿಯ ಮೂರು ಕೂಗಿಗೆ ಅದೇ ಉತ್ತರ. ಮಧ್ಯಾಹ್ನದ ಎರಡು ಕೂಗು ಬಿಸಿಲಿಗೆ ಕಾದು ಗಾಳಿಗೆ ಅಲುಗಿದ ಪರದೆಯವು. ಸೆನ್ಸರನ್ನು ಕಿಟಕಿಗೆ ಬೆನ್ನುಮಾಡಿದ ಗೋಡೆಗೆ ಸ್ಥಳಾಂತರಿಸಿ, ಎಷ್ಟು ಪಲ್ಸ್ (ಅಂಥ ವ್ಯತ್ಯಾಸದ ಮಿಡಿತ) ಕಂಡರೆ ಚಲನೆ ಎನ್ನಬೇಕೆಂದು ನಿಗದಿಪಡಿಸುವ ಒಳಗಿನ ಪುಟ್ಟ ಕೊಂಡಿಯನ್ನು, ಅಂದರೆ ಜಂಪರನ್ನು, ಒಂದರಿಂದ ಎರಡಕ್ಕೆ ಬದಲಿಸಿ, ತಿಂಗಳಿಗೊಮ್ಮೆ ಒಣಬಟ್ಟೆಯಲ್ಲಿ ಒರೆಸುವುದನ್ನು ರೂಢಿಸಿಕೊಂಡ ಮೇಲೆ ಆ ಅಧ್ಯಾಯ ಮುಗಿಯಿತು.

ಉಳಿದ ನಾಲ್ಕು ಕೂಗುಗಳು ಬೇರೆ ಜಾತಿಯವು. ನಾಲ್ಕೂ ರಾತ್ರಿ ಎಂಟರಿಂದ ಹತ್ತೂವರೆಯೊಳಗೆ ಬಂದವು, ಮತ್ತು ಪ್ಯಾನೆಲ್ಲಿನ ದಾಖಲೆಯಲ್ಲಿ ಪ್ರತಿಬಾರಿಯೂ ಹಿಂಬಾಗಿಲಿನ ಸೆನ್ಸರಿನ ‘ಸಂಪರ್ಕ ಕಡಿತ’ ಎಂದಷ್ಟೇ ಇತ್ತು. ಕಂಪನಿಯ ಸಹಾಯವಾಣಿಯವರು ‘ಹೊರಗಿನ ರೇಡಿಯೋ ಅಡಚಣೆಯಿಂದ ಸುಳ್ಳು ಸಂಕೇತ ಬರುತ್ತಿದೆ, ಸೆನ್ಸರ್ ಬದಲಿಸಿ’ ಎಂದರು. ಅಡಚಣೆ ಎಂದದ್ದು ಸರಿ, ಸುಳ್ಳು ಸಂಕೇತ ಎಂದದ್ದು ತಪ್ಪು. ಪ್ರತಿ ಸೆನ್ಸರೂ ತನ್ನದೇ ಗುರುತಿನ ಸಂಖ್ಯೆಯೊಡನೆ ಸಂದೇಶ ಕಳುಹಿಸುವುದರಿಂದ, ಗೊತ್ತುಗುರಿಯಿಲ್ಲದ ಗದ್ದಲವು ಆ ಸಂಖ್ಯೆಯನ್ನು ಆಕಸ್ಮಿಕವಾಗಿ ಉಚ್ಚರಿಸುವ ಸಾಧ್ಯತೆ ತೀರ ಕಡಿಮೆ. ಗದ್ದಲ ಮಾಡುವ ಹಾನಿಯೇ ಬೇರೆ: ಅದು ನಿಜವಾದ ಸಂದೇಶವನ್ನು ಮುಳುಗಿಸುತ್ತದೆ. ಈ ಕಿಟ್ಟಿನಲ್ಲಿ ಸೆನ್ಸರುಗಳು ಗಂಟೆಗೊಮ್ಮೆ ಹಾಜರಿ ಹೇಳುತ್ತವೆ. ಸತತ ಮೂರು ಹಾಜರಿ ತಪ್ಪಿದರೆ ಪ್ಯಾನೆಲ್ ಸೈರನ್ ಕೂಗಿಸುತ್ತದೆ. ಅಂದರೆ ಆ ನಾಲ್ಕು ರಾತ್ರಿ ಪ್ಯಾನೆಲ್ ಕೂಗಿಕೊಂಡದ್ದು ತನ್ನ ಕಿವುಡುತನವನ್ನೇ.

ಸಂಜೆ ಹೊತ್ತಿ ಮಲಗುವಾಗ ಆರುವ ವಸ್ತು ಯಾವುದೆಂದು ಹುಡುಕಿದರೆ, ಪ್ಯಾನೆಲ್ಲಿನಿಂದ ಒಂದೇ ಗೇಣು ಮೇಲಿದ್ದ ಎಲ್‌ಇಡಿ ಬಲ್ಬ್ ಕಣ್ಣಿಗೆ ಬಿತ್ತು. ಅಗ್ಗದ ಬಲ್ಬುಗಳೊಳಗಿನ ಸ್ವಿಚಿಂಗ್ ಸರ್ಕ್ಯೂಟ್ ಸರಿಯಾದ ಫಿಲ್ಟರ್ ಇಲ್ಲದಿದ್ದರೆ ವಿಶಾಲ ವ್ಯಾಪ್ತಿಯಲ್ಲಿ ರೇಡಿಯೋ ಗದ್ದಲ ಹೊರಡಿಸುತ್ತದೆ. ಕ್ಷೀಣವಾಗಿ ಕೇಳುವ ಒಂದು ಎಫ್‌ಎಂ ಕೇಂದ್ರವನ್ನು ಹಿಡಿದು ರೇಡಿಯೋವನ್ನು ಬಲ್ಬಿನ ಬಳಿ ಒಯ್ದಾಗ ಮಾತು ಅಡಗಿ ಬರೀ ಸರಸರ ಉಳಿಯಿತು. ಎಫ್‌ಎಂ ಇರುವುದು 100 ಮೆಗಾಹರ್ಟ್ಸ್ ಆಸುಪಾಸಿನಲ್ಲಿ, ಕಿಟ್ ಕೆಲಸ ಮಾಡುವುದು 433.92ರಲ್ಲಿ; ಆದ್ದರಿಂದ ಇದು ಸುಳಿವೇ ಹೊರತು ಸಾಕ್ಷಿಯಲ್ಲ. ಸಾಕ್ಷಿಗಾಗಿ ಬಲ್ಬ್ ಉರಿಯುವಾಗ ಹಿಂಬಾಗಿಲನ್ನು ಇಪ್ಪತ್ತು ಬಾರಿ ತೆರೆದು ಮುಚ್ಚಿದೆ. ಪ್ಯಾನೆಲ್ ಹನ್ನೊಂದು ಬಾರಿ ಮಾತ್ರ ಗುರುತಿಸಿತು. ಬಲ್ಬ್ ಆರಿಸಿದಾಗ ಇಪ್ಪತ್ತಕ್ಕೆ ಇಪ್ಪತ್ತು. ಕೂಗಿದ ನಾಲ್ಕು ರಾತ್ರಿಗಳಿಗಿಂತ ಕೂಗದೆ ಹೋದ ಆ ಒಂಬತ್ತು ಸಲವೇ ನನ್ನನ್ನು ಹೆಚ್ಚು ಕಂಗೆಡಿಸಿತು.

ಪ್ಯಾನೆಲ್ಲನ್ನು ಆರಡಿ ಆಚೆಗೆ ಸರಿಸುವಾಗ ಇನ್ನೊಂದು ಸಂಗತಿ ತಿಳಿಯಿತು. ಈ ಆವರ್ತನಕ್ಕೆ ಕಾಲು ತರಂಗದ, ಅಂದರೆ ತರಂಗದ ಉದ್ದದ ಕಾಲು ಭಾಗದಷ್ಟಿರುವ, ಆಂಟೆನಾ ಸುಮಾರು 17 ಸೆಂಟಿಮೀಟರ್ ಉದ್ದವಿರಬೇಕು, ಮತ್ತು ಅದು ನೇರವಾಗಿ ನಿಲ್ಲಬೇಕು. ಅಳವಡಿಸಲು ಬಂದವರು ಅದನ್ನು ಅಂದಕ್ಕಾಗಿ ಮಡಚಿ ಕಬ್ಬಿಣದ ತಟ್ಟೆಯ ಹಿಂದೆ ಸಿಕ್ಕಿಸಿದ್ದರು! ಬಿಡಿಸಿ ನೆಟ್ಟಗೆ ಇಳಿಬಿಟ್ಟ ಮೇಲೆ ಹಿಂಬಾಗಿಲಿನ ಸಿಗ್ನಲ್ ಎರಡು ಗೆರೆಯಿಂದ ನಾಲ್ಕಕ್ಕೆ ಏರಿತು. ಬಲ್ಬ್ ಉರಿಯುತ್ತಿದ್ದರೂ ಈಗ ಇಪ್ಪತ್ತಕ್ಕೆ ಇಪ್ಪತ್ತು ಬರುತ್ತದೆ.

ಸಂಪರ್ಕ ಕಡಿತದ ಎಚ್ಚರಿಕೆಯನ್ನು ಸೆಟ್ಟಿಂಗ್‌ನಲ್ಲಿ ಪೂರ್ತಿ ತೆಗೆದುಹಾಕಲು ಈ ಪ್ಯಾನೆಲ್ ಅವಕಾಶ ಕೊಡುತ್ತದೆ, ಸಹಾಯವಾಣಿಯವರೂ ಕೊನೆಗೆ ಅದನ್ನೇ ಸೂಚಿಸಿದರು. ನಾನು ತೆಗೆಯಲಿಲ್ಲ. ಬೇಕೆಂದೇ ಯಾರಾದರೂ ಸಿಗ್ನಲ್ ಅಡ್ಡಗಟ್ಟಿದರೆ ತಿಳಿಸುವುದಕ್ಕೆ ಇದರಲ್ಲಿರುವುದು ಅದೊಂದೇ ವ್ಯವಸ್ಥೆ. ಹಗಲು ಬೀಪ್, ರಾತ್ರಿ ಸೈರನ್ ಎಂದು ಬದಲಿಸಿಕೊಂಡಿದ್ದೇನೆ.

ಸೆನ್ಸರುಗಳ ಕಟ್ಟೋಣ ಗಟ್ಟಿಯಾಗಿದೆ, ಬ್ಯಾಟರಿ ಇನ್ನೂ ಮೊದಲಿನದೇ ಇದೆ, ಸೈರನ್ನಿನ ದನಿಯ ಬಗ್ಗೆ ನೆರೆಯವರನ್ನು ಕೇಳಬಹುದು. ಐದರಲ್ಲಿ ಮೂರೂವರೆ ಅಂಕ ಕೊಡುತ್ತೇನೆ. ಸಿಗ್ನಲ್ ತೋರಿಸುವ ಪ್ಯಾನೆಲ್ ಗದ್ದಲದ ಮಟ್ಟವನ್ನು ತೋರಿಸುವುದಿಲ್ಲವೆಂದು ಒಂದು ಅಂಕ, ಆಂಟೆನಾದ ಬಗ್ಗೆ ನಲವತ್ತು ಪುಟದ ಕೈಪಿಡಿಯಲ್ಲಿ ಒಂದು ಸಾಲೂ ಇಲ್ಲವೆಂದು ಅರ್ಧ ಅಂಕ ಕಳೆದಿದ್ದೇನೆ.